ಹೊಸ ಪ್ರಭೇದ ಹುಟ್ಟೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಕಾಸದ ಬಗ್ಗೆ ಮಾತು ಶುರುವಾದರೆ ಸಾಕು, ಈ ಪ್ರಶ್ನೆಗಳು ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತವೆ. ಕೆಲವರು ಕುತೂಹಲಕ್ಕೆ ಕೇಳುತ್ತಾರೆ, ಕೆಲವರು ಜಗಳಕ್ಕೆ. ಇಬ್ಬರಿಗೂ ಉತ್ತರ ಒಂದೇ, ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಸಾಧ್ಯವಾದರೆ ಮೇಲಿಂದ ಕೆಳಕ್ಕೆ ಓದಿ. ಮೂರನೇ ಪ್ರಶ್ನೆಯ ಉತ್ತರ ಗಟ್ಟಿಯಾಗಿ ತಲೆಯಲ್ಲಿ ಕೂತರೆ ಉಳಿದದ್ದು ಸಲೀಸು.

ಮೊದಲು ಇದನ್ನು ಹೇಳಿ, ಪ್ರಭೇದ ಅಂದ್ರೆ ಏನು?

ತಮ್ಮತಮ್ಮಲ್ಲೇ ಜೊತೆಗೂಡಿ ಮರಿ ಮಾಡುವ, ಆ ಮರಿಗಳೂ ಮುಂದೆ ಮರಿ ಮಾಡಬಲ್ಲ ಜೀವಿಗಳ ಗುಂಪು. ಹೊರಗಿನವರ ಜೊತೆ ಈ ವ್ಯವಹಾರ ಇಲ್ಲ, ಇದ್ದರೂ ತೀರ ಕಡಿಮೆ. 1942ರಲ್ಲಿ ಅರ್ನ್ಸ್ಟ್ ಮೇಯರ್ ಎಂಬ ಜೀವವಿಜ್ಞಾನಿ ಇದನ್ನು ಹೀಗೆ ಬಿಗಿಯಾಗಿ ಹೇಳಿದರು. ಅದರ ಮೇಲೆ ಜಗಳಗಳು ಬೇಕಾದಷ್ಟು ನಡೆದಿವೆ, ಆದರೂ ಮಾತು ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕುದುರೆ, ಕತ್ತೆ ಜೊತೆಗೂಡಿದರೆ ಹೇಸರಗತ್ತೆ ಹುಟ್ಟುತ್ತದೆ. ಗಟ್ಟಿಮುಟ್ಟಾಗಿಯೇ ಇರುತ್ತದೆ, ಅಪ್ಪ ಅಮ್ಮನಿಗಿಂತ ಜಾಸ್ತಿಯೇ ದುಡಿಯುತ್ತದೆ. ಆದರೆ ಅದಕ್ಕೆ ಮರಿ ಆಗುವುದಿಲ್ಲ, ಎಂದಾದರೂ ಒಂದು ಆದರೆ ಅದು ಸುದ್ದಿಯಾಗುವಷ್ಟು ಅಪರೂಪ. ಕುದುರೆಗೆ 64 ಕ್ರೋಮೋಸೋಮ್ (ಜೀವಕೋಶದೊಳಗೆ ಡಿಎನ್‌ಎ ಸುತ್ತಿಟ್ಟ ಎಳೆಗಳು), ಕತ್ತೆಗೆ 62, ಹೇಸರಗತ್ತೆಗೆ 63. ಅಂಡಾಣು, ವೀರ್ಯಾಣು ತಯಾರಾಗುವಾಗ ಕ್ರೋಮೋಸೋಮ್‌ಗಳು ಜೋಡಿ ಜೋಡಿಯಾಗಿ ನಿಲ್ಲಬೇಕು. ಇಲ್ಲಿ ಜೋಡಿಗಳು ಸರಿಯಾಗಿ ಹೊಂದುವುದೂ ಇಲ್ಲ, ಒಂದು ಒಂಟಿಯಾಗಿ ಬೇರೆ ಉಳಿಯುತ್ತದೆ. ಹಾಗಾಗಿ ಕುದುರೆ ಬೇರೆ, ಕತ್ತೆ ಬೇರೆ. ಈ ಜೋಡಿ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಗಿಡಗಳ ಹತ್ತಿರ ಬಂದಾಗ ಬೇಕಾಗುತ್ತದೆ.

ಪ್ರಭೇದ ಅನ್ನೋದು ವಿಜ್ಞಾನಿಗಳು ಸುಮ್ನೆ ಕಾಗದದ ಮೇಲೆ ಎಳೆದ ಗೆರೆ ಅಲ್ವಾ ಎಂದು ಕೇಳುವವರಿಗೆ ಒಂದು ಕಥೆ. ಮೇಯರ್ 1928ರಲ್ಲಿ ನ್ಯೂಗಿನಿಯ ಅರ್ಫಕ್ ಬೆಟ್ಟಗಳಿಗೆ ಹಕ್ಕಿಗಳನ್ನು ಹುಡುಕಿಕೊಂಡು ಹೋಗಿದ್ದರು. ಅವರ ಎಣಿಕೆಯಲ್ಲಿ ಅಲ್ಲಿದ್ದ ಹಕ್ಕಿ ಪ್ರಭೇದಗಳು 137. ಬೆಟ್ಟದ ಜನ ಅದೇ ಹಕ್ಕಿಗಳಿಗೆ ಇಟ್ಟುಕೊಂಡಿದ್ದ ಹೆಸರುಗಳು 136. ಮ್ಯೂಸಿಯಂ ಮುಖ ನೋಡದವರ ಎಣಿಕೆಗೂ ತಜ್ಞನ ಎಣಿಕೆಗೂ ಒಂದೇ ಒಂದು ವ್ಯತ್ಯಾಸ.

ಹಾಗಾದ್ರೆ ಚಿವಾವಾ ನಾಯಿ, ಗ್ರೇಟ್ ಡೇನ್ ನಾಯಿ ಬೇರೆ ಬೇರೆ ಪ್ರಭೇದ ಅಲ್ವಾ?

ಅಲ್ಲ. ಅವು ತಳಿಗಳು. ಇವೆರಡೂ ನೇರವಾಗಿ ಕೂಡುವುದು ಕಷ್ಟ ಎನ್ನುವುದು ನಿಜ, ಆದರೆ ನಡುವೆ ಎಲ್ಲ ಅಳತೆಯ ನಾಯಿಗಳೂ ಇವೆಯಲ್ಲ. ಚಿವಾವಾದ ಜೀನ್, ಅಂದರೆ ಅಪ್ಪ ಅಮ್ಮನ ಗುಣವನ್ನು ಮರಿಗೆ ದಾಟಿಸುವ ಡಿಎನ್‌ಎ ತುಂಡು, ನಾಲ್ಕೈದು ಪೀಳಿಗೆಯಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಗ್ರೇಟ್ ಡೇನ್ ತಲುಪಬಹುದು. ಆ ನಡುವಿನ ನಾಯಿಗಳೆಲ್ಲ ಒಂದು ದಿನ ಇಲ್ಲವಾದರೆ ಆಗ ಮಾತು ಬೇರೆ.

ನೋಟ ಎರಡೂ ಕಡೆಗೆ ಮೋಸ ಮಾಡುತ್ತದೆ. ಉತ್ತರ ಅಮೆರಿಕದ ಪೂರ್ವದ ಮೆಡೋಲಾರ್ಕ್, ಪಶ್ಚಿಮದ ಮೆಡೋಲಾರ್ಕ್ ಎಂಬ ಎರಡು ಹಕ್ಕಿಗಳನ್ನು ಪಕ್ಕಪಕ್ಕ ಇಟ್ಟರೂ ಗುರುತು ಹಿಡಿಯುವುದು ಕಷ್ಟ. ಹಾಡು ಮಾತ್ರ ಪೂರ್ತಿ ಬೇರೆ, ಪ್ರಭೇದವೂ ಬೇರೆ.

ಹೊಸ ಪ್ರಭೇದದ ಮೊದಲನೇ ಪ್ರಾಣಿ ಹುಟ್ಟಿತು ಅಂದುಕೊಳ್ಳೋಣ. ಅದಕ್ಕೆ ಜೋಡಿ ಎಲ್ಲಿಂದ ಬಂತು?

ಎಲ್ಲಕ್ಕಿಂತ ಹೆಚ್ಚು ಸಲ ಬರುವ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆಯೇ, ಆದರೆ ಅದರ ಹೊಟ್ಟೆಯೊಳಗೇ ಒಂದು ತಪ್ಪು ಕೂತಿದೆ. ಮೊದಲನೇ ಪ್ರಾಣಿ ಅಂತ ಒಂದು ಇರಲೇ ಇಲ್ಲ.

ಸಾವಿರ ವರ್ಷ ಹಿಂದಿನ ಕನ್ನಡ ನಮಗೆ ಅರ್ಥವಾಗಬೇಕಾದರೆ ಪಕ್ಕದಲ್ಲಿ ನಿಘಂಟು ಬೇಕು. ಆದರೆ ಹಳಗನ್ನಡ ಆಡುವ ತಾಯಿಗೆ ಹೊಸಗನ್ನಡ ಆಡುವ ಮಗು ಎಂದಾದರೂ ಹುಟ್ಟಿತ್ತಾ? ಇಲ್ಲ. ಪ್ರತಿ ಮಗುವೂ ತನ್ನ ತಾಯಿಯ ಭಾಷೆಯನ್ನೇ ಆಡಿತು. ಎಲ್ಲೋ ಒಂದು ಪದ ಸವೆಯಿತು, ಎಲ್ಲೋ ಒಂದು ಉಚ್ಚಾರ ಜಾರಿತು. ಪಾಲು ನಿಧಾನವಾಗಿ ಹಾಲಾಯಿತು, ಪೂ ಹೂವಾಯಿತು. "ಇವತ್ತಿನಿಂದ ಹೊಸಗನ್ನಡ" ಎಂದು ಯಾರೂ ಡಂಗುರ ಸಾರಲಿಲ್ಲ. ಹೊಸಗನ್ನಡ ಆಡಿದ ಮೊದಲನೇ ಮನುಷ್ಯ ಯಾರು, ಅವನು ಯಾರ ಜೊತೆ ಮಾತಾಡಿದ ಎಂದು ಕೇಳಿದರೆ ನಗು ಬರುತ್ತದೆ ಅಲ್ವಾ? ಮೊದಲನೇ ಪ್ರಾಣಿಯ ಜೋಡಿ ಯಾರು ಎಂಬ ಪ್ರಶ್ನೆಯೂ ಅಂಥದ್ದೇ.

ಪ್ರಾಣಿಗಳಲ್ಲೂ ಪ್ರತಿ ಮರಿಯೂ ತನ್ನ ಅಪ್ಪ ಅಮ್ಮನ ಪ್ರಭೇದಕ್ಕೇ ಸೇರಿದ್ದು. ಬದಲಾಗುವುದು ಒಂದು ಪ್ರಾಣಿ ಅಲ್ಲ, ಇಡೀ ಗುಂಪು. ಪ್ರತಿ ಪೀಳಿಗೆಯಲ್ಲೂ ಜೋಡಿಗಳಿಗೆ ಯಾವ ಬರವೂ ಇರಲಿಲ್ಲ, ಯಾಕೆಂದರೆ ಎಲ್ಲರೂ ಜೊತೆಜೊತೆಗೇ ಜರುಗುತ್ತಿದ್ದರು. ಪ್ರಭೇದ ಒಂದು ಮುಹೂರ್ತದಲ್ಲಿ ಹುಟ್ಟುವುದಿಲ್ಲ. ಒಂದು ಗುಂಪು ಎರಡಾಗಿ, ಆ ಎರಡರ ನಡುವೆ ಜೀನ್‌ಗಳ ಕೊಡುಕೊಳ್ಳುವಿಕೆ ನಿಂತು ಬಹಳ ಕಾಲವಾದ ಮೇಲೆ ಹಿಂದಿರುಗಿ ನೋಡಿ ನಾವು ಹೆಸರು ಇಡುತ್ತೇವೆ, ಅಷ್ಟೇ. (ಗಿಡಗಳಲ್ಲಿ ಒಂದು ದೊಡ್ಡ ಅಪವಾದ ಇದೆ, ಅದು ಕೆಳಗೆ ಬರುತ್ತದೆ.)

ಒಂದು ಗುಂಪು ಎರಡಾಗೋದು ಹೇಗೆ?

ಹೆಚ್ಚಾಗಿ ನಡುವೆ ಏನಾದರೂ ಬಂದು. ನದಿ ದಿಕ್ಕು ಬದಲಿಸುತ್ತದೆ, ಬೆಟ್ಟ ಏಳುತ್ತದೆ, ಸಮುದ್ರ ಒಳನುಗ್ಗುತ್ತದೆ, ಇಲ್ಲವೇ ಬಿರುಗಾಳಿಗೆ ಸಿಕ್ಕ ನಾಲ್ಕು ಹಕ್ಕಿಗಳು ಯಾವುದೋ ದ್ವೀಪಕ್ಕೆ ಹೋಗಿ ಬೀಳುತ್ತವೆ.

ನನಗೆ ಇಷ್ಟವಾದ ಉದಾಹರಣೆ ಪನಾಮದ್ದು. ಸುಮಾರು 30 ಲಕ್ಷ ವರ್ಷಗಳ ಹಿಂದೆ ಉತ್ತರ, ದಕ್ಷಿಣ ಅಮೆರಿಕಗಳ ನಡುವೆ ನೆಲ ಎದ್ದು ಸೇತುವೆಯಾಯಿತು. ನೆಲದ ಪ್ರಾಣಿಗಳಿಗೆ ದಾರಿ ತೆರೆಯಿತು, ಸಮುದ್ರದ ಪ್ರಾಣಿಗಳಿಗೆ ದಾರಿ ಮುಚ್ಚಿತು. ಈಗ ಆ ನೆಲದ ಎರಡೂ ಬದಿಯ ನೀರಿನಲ್ಲಿ ಟಪ್ ಎಂದು ಇಕ್ಕಳ ಬಡಿಯುವ ಒಂದು ಜಾತಿಯ ಸೀಗಡಿಗಳಿವೆ. ಪೆಸಿಫಿಕ್ ಕಡೆಯ ಒಂದೊಂದು ಪ್ರಭೇದಕ್ಕೂ ಕೆರಿಬಿಯನ್ ಕಡೆ ಅವಳಿಯಂಥ ಒಂದು ಸಿಗುತ್ತದೆ. ನ್ಯಾನ್ಸಿ ನೋಲ್ಟನ್ ಮತ್ತು ಜೊತೆಗಾರರು ಆ ಕಡೆಯ ಗಂಡು, ಈ ಕಡೆಯ ಹೆಣ್ಣನ್ನು ಒಟ್ಟಿಗೆ ಬಿಟ್ಟು ನೋಡಿ 1993ರಲ್ಲಿ ವರದಿ ಮಾಡಿದರು. ಸಂಸಾರದ ಮಾತು ಹಾಗಿರಲಿ, ಹೆಚ್ಚಿನವು ಇಕ್ಕಳ ಎತ್ತಿಕೊಂಡು ಜಗಳಕ್ಕೇ ನಿಂತವು. ಒಂದೇ ಅಜ್ಜಿಯ ಮೊಮ್ಮಕ್ಕಳು, ಈಗ ಪರಿಚಯವೇ ಇಲ್ಲ.

ಚಿಂಪಾಂಜಿ, ಅದರ ಹತ್ತಿರದ ನಂಟ ಬೊನೊಬೊ ಎಂಬ ವಾನರ, ಇವುಗಳ ಕಥೆಯೂ ಹೀಗೇ. ಕಾಂಗೋ ನದಿಯ ಒಂದು ದಡದಲ್ಲಿ ಇವು, ಇನ್ನೊಂದು ದಡದಲ್ಲಿ ಅವು. ಎರಡಕ್ಕೂ ಈಜು ಬರುವುದಿಲ್ಲ.

ಬೇರೆಯಾದ ಮೇಲೆ ಮೂರು ಕೆಲಸ ನಡೆಯುತ್ತದೆ. ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳು, ಅಂದರೆ ಮ್ಯುಟೇಶನ್‌ಗಳು, ಎರಡೂ ಕಡೆ ಬೇರೆ ಬೇರೆ. ಅಲ್ಲಿನ ಹವೆ, ಆಹಾರ, ಶತ್ರುಗಳು ಬೇರೆಯಾದ್ದರಿಂದ ನಿಸರ್ಗ ಆರಿಸಿಕೊಳ್ಳುವುದೂ ಬೇರೆ. ಜೊತೆಗೆ ಅದೃಷ್ಟದ ಆಟ. ಗುಂಪು ಚಿಕ್ಕದಿದ್ದಷ್ಟೂ ಯಾವ ಜೀನ್ ಉಳಿಯಿತು, ಯಾವುದು ಹೋಯಿತು ಎನ್ನುವುದು ಚೀಟಿ ಎತ್ತಿದ ಹಾಗೆ.

ಬೇರೆ ಬೇರೆ ಆದ ಮಾತ್ರಕ್ಕೆ ಕೂಡೋಕೆ ಯಾಕೆ ಆಗಲ್ಲ? ಮಕ್ಕಳಾಗದ ಹಾಗೆ ಮಾಡುವ ಜೀನ್‌ನಿಂದ ಯಾರಿಗೆ ಲಾಭ?

ಯಾರಿಗೂ ಇಲ್ಲ. ಅದಕ್ಕೇ ಈ ಪ್ರಶ್ನೆ ಡಾರ್ವಿನ್‌ನನ್ನೂ ಕಾಡಿತ್ತು. ಬಂಜೆತನ ತರುವ ಜೀನ್ ನಿಸರ್ಗದ ಆಯ್ಕೆಯಲ್ಲಿ ಮೊದಲ ಸುತ್ತಿಗೇ ಬಿದ್ದುಹೋಗಬೇಕು. ಮತ್ತೆ ಅದು ಬಂದದ್ದು ಹೇಗೆ?

ಉತ್ತರ ತುಂಬ ಚೆನ್ನಾಗಿದೆ. 1930ರ, 40ರ ದಶಕಗಳಲ್ಲಿ ಥಿಯೊಡೋಸಿಯಸ್ ಡೊಬ್ಜಾನ್ಸ್ಕಿ ಮತ್ತು ಹರ್ಮನ್ ಮುಲ್ಲರ್ ಇದನ್ನು ಬಿಡಿಸಿಟ್ಟರು. ಇಬ್ಬರಿಗಿಂತ ಮೊದಲೇ ವಿಲಿಯಂ ಬೇಟ್‌ಸನ್ ಇದೇ ಮಾತು ಹೇಳಿದ್ದರು, ಯಾರೂ ಗಮನಿಸಿರಲಿಲ್ಲ. ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಇದು ಥಟ್ಟನೆ ಹಿಡಿಸುತ್ತದೆ. ಒಂದು ಪ್ರೋಗ್ರಾಮಿನ ಎರಡು ಕಾಪಿಗಳನ್ನು ಎರಡು ತಂಡಗಳಿಗೆ ಕೊಟ್ಟಿದ್ದೀರಿ. ಇಬ್ಬರ ನಡುವೆ ಮಾತುಕತೆ ಇಲ್ಲ. ಮೊದಲನೇ ತಂಡ ಒಂದು ಭಾಗವನ್ನು ಬದಲಿಸಿತು, ಓಡಿಸಿ ನೋಡಿತು, ಸರಿ ಇದೆ. ಎರಡನೇ ತಂಡ ಇನ್ನೊಂದು ಭಾಗ ಬದಲಿಸಿತು, ಅದೂ ಸರಿ ಇದೆ. ವರ್ಷಗಟ್ಟಲೆ ಹೀಗೇ ನಡೆಯಿತು. ಕೊನೆಗೊಂದು ದಿನ ಎರಡನ್ನೂ ಸೇರಿಸಿದರೆ ಪ್ರೋಗ್ರಾಂ ಏಳುವುದೇ ಇಲ್ಲ. ತಪ್ಪು ಯಾರದು? ಯಾರದೂ ಅಲ್ಲ. ಈ ಹೊಸ ಭಾಗವನ್ನು ಆ ಹೊಸ ಭಾಗದ ಜೊತೆ ಯಾರೂ ಯಾವತ್ತೂ ಓಡಿಸಿ ನೋಡಿರಲಿಲ್ಲ, ಅಷ್ಟೇ.

ಜೀನ್‌ಗಳೂ ಹಾಗೆಯೇ. ಒಂದು ಗುಂಪಿನಲ್ಲಿ ಬಂದ ಬದಲಾವಣೆ ಅದೇ ಗುಂಪಿನ ಉಳಿದ ಜೀನ್‌ಗಳ ಜೊತೆ ಹೊಂದಿಕೊಂಡರೆ ಸಾಕು, ಉಳಿಯುತ್ತದೆ. ದೂರದ ಗುಂಪಿನ ಜೀನ್ ಜೊತೆ ಹೊಂದುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವವರು ಯಾರೂ ಇಲ್ಲ. ಮಿಶ್ರ ಮರಿಯೊಳಗೆ ಆ ಎರಡೂ ಮೊದಲ ಸಲ ಮುಖಾಮುಖಿಯಾಗುತ್ತವೆ. ಬಂಜೆತನ ಯಾರೂ ಬೇಕೆಂದು ಮಾಡಿದ್ದಲ್ಲ, ದೂರ ಇದ್ದದ್ದರ ಅಡ್ಡಪರಿಣಾಮ.

ಇದರಲ್ಲೇ ಇನ್ನೊಂದು ಸ್ವಾರಸ್ಯ ಇದೆ. ಮಿಶ್ರ ಮರಿಗಳಲ್ಲಿ ಗಂಡೋ ಹೆಣ್ಣೋ ಒಂದಕ್ಕೆ ಮಾತ್ರ ತೊಂದರೆಯಾದರೆ ಅದು ಸಾಮಾನ್ಯವಾಗಿ ಯಾವುದಕ್ಕೆ ಎಂದು ಜೆ.ಬಿ.ಎಸ್. ಹಾಲ್ಡೇನ್ 1922ರಲ್ಲೇ ಹೇಳಿಬಿಟ್ಟಿದ್ದರು: ಎರಡು ಬೇರೆ ಬೇರೆ ಲಿಂಗ ಕ್ರೋಮೋಸೋಮ್ ಇರುವವರಿಗೆ. ಸಸ್ತನಿಗಳಲ್ಲಿ, ನೊಣಗಳಲ್ಲಿ ಅದು ಗಂಡು. ಹಕ್ಕಿಗಳಲ್ಲಿ, ಚಿಟ್ಟೆಗಳಲ್ಲಿ ಅದು ಹೆಣ್ಣು. ನೂರು ವರ್ಷವಾದರೂ ಈ ನಿಯಮ ಹೆಚ್ಚಿನ ಕಡೆ ನಿಂತಿದೆ.

ಅಂದ ಹಾಗೆ ಮಾತು ಮರಿಯ ತನಕ ಬರಬೇಕೆಂದೇನೂ ಇಲ್ಲ. ಹಾಡು ಒಪ್ಪಿಗೆಯಾಗದಿದ್ದರೆ, ಹೂ ಬಿಡುವ ಕಾಲ ಹೊಂದದಿದ್ದರೆ ಅಲ್ಲಿಗೇ ನಿಂತಿತು. ಕೆಲವು ಬಸವನಹುಳುಗಳಲ್ಲಿ ಚಿಪ್ಪು ಬಲಕ್ಕೆ ಸುತ್ತಿದ್ದರೆ ಎಡಕ್ಕೆ ಸುತ್ತಿದ ಹುಳುವಿನ ಜೊತೆ ಮೈ ಹೊಂದಿಸಿಕೊಳ್ಳಲಿಕ್ಕೇ ಆಗುವುದಿಲ್ಲ.

ನಡುವೆ ಬೆಟ್ಟ, ನದಿ ಏನೂ ಇಲ್ಲದೆ ಒಂದೇ ಜಾಗದಲ್ಲಿ ಇದ್ದುಕೊಂಡು ಬೇರೆ ಆಗೋಕೆ ಸಾಧ್ಯನಾ?

ಸಾಧ್ಯ. ಅಷ್ಟು ಸುಲಭ ಅಲ್ಲ, ಮೇಯರ್ ಬಹಳ ಕಾಲ ಇದನ್ನು ಒಪ್ಪಲೇ ಇಲ್ಲ. ಈಗ ಒಪ್ಪದಿರುವುದು ಕಷ್ಟ.

ಉತ್ತರ ಅಮೆರಿಕದಲ್ಲಿ ಒಂದು ಚಿಕ್ಕ ನೊಣ ಇದೆ. ಅಲ್ಲಿನ ಹಾಥಾರ್ನ್ ಎಂಬ ಮುಳ್ಳುಗಿಡದ ಹಣ್ಣಿನಲ್ಲಿ ಮೊಟ್ಟೆ ಇಡುವುದು ಅದರ ಹಳೆಯ ಅಭ್ಯಾಸ. ಸೇಬು ಆ ನೆಲದ್ದಲ್ಲ, ಯುರೋಪಿನ ವಲಸಿಗರು ತಂದದ್ದು. 1860ರ ದಶಕದಲ್ಲಿ ಹಡ್ಸನ್ ಕಣಿವೆಯಲ್ಲಿ ಈ ನೊಣ ಸೇಬಿಗೂ ಬೀಳತೊಡಗಿತು. ಹಣ್ಣಿನ ಮೇಲೆಯೇ ಇವು ಜೋಡಿ ಹುಡುಕುತ್ತವೆ ಎನ್ನುವುದು ಇಲ್ಲಿ ಮುಖ್ಯ. ಸೇಬಿನಲ್ಲಿ ಬೆಳೆದದ್ದು ಸೇಬಿಗೇ ಹೋಗುತ್ತದೆ, ಅಲ್ಲಿ ಸಿಗುವುದೂ ಸೇಬಿನ ನೊಣವೇ. ಸಾಲದ್ದಕ್ಕೆ ಸೇಬು ಮೂರ್ನಾಲ್ಕು ವಾರ ಮೊದಲೇ ಹಣ್ಣಾಗುತ್ತದೆ, ಬೆಳೆದ ನೊಣದ ಆಯಸ್ಸು ಸುಮಾರು ಒಂದು ತಿಂಗಳು. ಹಾಗಾಗಿ ಪಕ್ಕದ ಗಿಡದಲ್ಲೇ ಇದ್ದರೂ ಇಬ್ಬರ ಭೇಟಿ ತಪ್ಪಿಹೋಗುತ್ತದೆ. ಪೂರ್ತಿ ಅಲ್ಲ, ಪೀಳಿಗೆಗೆ ಶೇಕಡಾ 4ರಿಂದ 6ರಷ್ಟು ಬೆರಕೆ ಇನ್ನೂ ನಡೆಯುತ್ತಿದೆ. ಆದ್ದರಿಂದ ಇವು ಈಗಲೇ ಎರಡು ಪ್ರಭೇದ ಅಂತ ಹೇಳಲಾಗದು, ಒಂದೇ ಅಂತ ಹೇಳಲೂ ಮನಸ್ಸು ಬರುವುದಿಲ್ಲ. ಇದಕ್ಕಿಂತ ಮಜಾ ಏನೆಂದರೆ, ಈ ನೊಣದ ಹುಳುಗಳ ಮೇಲೆ ಬದುಕುವ ಒಂದು ಕಣಜ ಇದೆ, ನೊಣ ಒಡೆದುಕೊಂಡ ಮೇಲೆ ಅದೂ ಸೇಬಿನ ಕಡೆಯದು, ಮುಳ್ಳುಗಿಡದ ಕಡೆಯದು ಎಂದು ಬೇರೆಯಾಗತೊಡಗಿದೆ.

ಇನ್ನೊಂದು ಲಾರ್ಡ್ ಹೌ ದ್ವೀಪದ್ದು, ಆಸ್ಟ್ರೇಲಿಯಾದ ಪೂರ್ವಕ್ಕೆ ಸಮುದ್ರದ ನಡುವೆ. ವಿಸ್ತೀರ್ಣ 15 ಚದರ ಕಿಲೋಮೀಟರಿಗೂ ಕಡಿಮೆ. ಅಲ್ಲಿ ಹೌವಿಯ ಎಂಬ ತಾಳೆ ಜಾತಿಯ ಎರಡು ಪ್ರಭೇದಗಳಿವೆ, ಪ್ರಪಂಚದಲ್ಲಿ ಬೇರೆಲ್ಲೂ ಅವು ತಾವಾಗಿ ಬೆಳೆಯುವುದಿಲ್ಲ. ಒಂದಕ್ಕೆ ಸುಣ್ಣದ ಮಣ್ಣು ಒಗ್ಗಿತು, ಇನ್ನೊಂದು ಜ್ವಾಲಾಮುಖಿ ಮಣ್ಣಿನಲ್ಲಿ ಉಳಿಯಿತು. ಹೂ ಬಿಡುವ ಕಾಲ ಕೆಲವು ವಾರ ಹಿಂದೆಮುಂದೆ ಆಯಿತು. ಪರಾಗ ಗಾಳಿಯಲ್ಲೇ ಹಾರುತ್ತದೆ, ಅಷ್ಟು ಚಿಕ್ಕ ದ್ವೀಪದಲ್ಲಿ ಎಲ್ಲಿಗೆ ಬೇಕಾದರೂ ತಲುಪೀತು. ತಲುಪುವ ಹೊತ್ತಿಗೆ ಆ ಕಡೆ ಹೂವೇ ಇಲ್ಲದಿದ್ದರೆ?

ಒಂದೇ ಪೀಳಿಗೆಯಲ್ಲಿ ಹೊಸ ಪ್ರಭೇದ ಬಂದದ್ದು ಉಂಟಾ?

ಉಂಟು. ಮೇಲೆ ಹೇಳಿದ ಅಪವಾದ ಇದೇ. ಗಿಡಗಳಲ್ಲಿ ಇದು ಅಪರೂಪವೂ ಅಲ್ಲ.

ಹೇಸರಗತ್ತೆಯ ಕಷ್ಟ ನೆನಪಿದೆಯಲ್ಲ, ಕ್ರೋಮೋಸೋಮ್‌ಗಳಿಗೆ ಸರಿಯಾದ ಜೋಡಿ ಇಲ್ಲ. ಎರಡು ಪ್ರಭೇದದ ಗಿಡಗಳು ಬೆರೆತು ಹುಟ್ಟಿದ ಗಿಡಕ್ಕೂ ಅದೇ ಕಷ್ಟ. ಆದರೆ ಗಿಡದಲ್ಲಿ ಒಮ್ಮೊಮ್ಮೆ ಜೀವಕೋಶ ಒಡೆಯುವಾಗ ತಪ್ಪಾಗಿ ಎಲ್ಲ ಕ್ರೋಮೋಸೋಮ್‌ಗಳೂ ದುಪ್ಪಟ್ಟಾಗಿ ಉಳಿದುಬಿಡುತ್ತವೆ. ಈಗ ಪ್ರತಿ ಕ್ರೋಮೋಸೋಮಿಗೂ ತನ್ನದೇ ನಕಲು ಜೋಡಿಯಾಗಿ ಸಿಕ್ಕಿತು. ನಿನ್ನೆಯವರೆಗೆ ಬಂಜೆಯಾಗಿದ್ದ ಗಿಡ ಇವತ್ತು ಬೀಜ ಕಟ್ಟುತ್ತದೆ. ಅಪ್ಪನ ಕಡೆಯವರ ಜೊತೆಗಾಗಲಿ ಅಮ್ಮನ ಕಡೆಯವರ ಜೊತೆಗಾಗಲಿ ಕೂಡಿದರೆ ಮಾತ್ರ ಮತ್ತೆ ಲೆಕ್ಕ ತಪ್ಪುತ್ತದೆ. ಜೋಡಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಇಲ್ಲಿ ನಿಜಕ್ಕೂ ಏಳುತ್ತದೆ. ಅದಕ್ಕೆ ಉತ್ತರವೂ ಇದೆ: ಎಷ್ಟೋ ಗಿಡಗಳು ತಮ್ಮ ಪರಾಗದಿಂದ ತಾವೇ ಬೀಜ ಕಟ್ಟುತ್ತವೆ, ಬೇರಿನಿಂದಲೂ ಹಬ್ಬುತ್ತವೆ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ನಡೆದದ್ದು ಇದೇ. ಅಮೆರಿಕದ ಒಂದು ಜವುಗು ಹುಲ್ಲು ಅಲ್ಲಿಗೆ ಬಂದು ಸೇರಿತು, ಅಲ್ಲಿನ ಹುಲ್ಲಿನ ಜೊತೆ ಬೆರೆಯಿತು. ಹುಟ್ಟಿದ ಹುಲ್ಲು ಬೀಜ ಕಟ್ಟುತ್ತಿರಲಿಲ್ಲ. 19ನೇ ಶತಮಾನ ಮುಗಿಯುವಷ್ಟರಲ್ಲಿ ಕ್ರೋಮೋಸೋಮ್ ದುಪ್ಪಟ್ಟಾಗಿ ಸ್ಪಾರ್ಟಿನ ಆಂಗ್ಲಿಕ ಎಂಬ ಹೊಸ ಪ್ರಭೇದ ಬಂತು, ಕೆಸರಿನ ಕರಾವಳಿಗಳನ್ನೆಲ್ಲ ನುಂಗುತ್ತ ಹೋಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸುತ್ತಮುತ್ತ ಯುರೋಪಿನಿಂದ ಬಂದ ಮೂರು ಟ್ರಾಗೊಪೊಗನ್ ಕಳೆಗಿಡಗಳು ಹೀಗೇ ಬೆರೆತು ಎರಡು ಹೊಸ ಪ್ರಭೇದಗಳಾದವು. 1950ರಲ್ಲಿ ಮೇರಿಯನ್ ಓನ್‌ಬೇ ಅವನ್ನು ಗುರುತಿಸಿ ಹೆಸರಿಟ್ಟರು. ನೂರು ವರ್ಷದ ಹಿಂದೆ ಭೂಮಿಯ ಮೇಲೆ ಇಲ್ಲದಿದ್ದ ಗಿಡಗಳು ಇವು ಎಂದು ಧೈರ್ಯವಾಗಿ ಹೇಳಬಹುದು, ನೂರಿಪ್ಪತ್ತು ಅನ್ನಿ ಬೇಕಾದರೆ.

ಗೋಧಿಯೂ ಇದೇ ದಾರಿಯದು. 14 ಕ್ರೋಮೋಸೋಮಿನ ಎರಡು ಹುಲ್ಲುಗಳು ಸೇರಿ 28ರದ್ದು, ಅದರ ಜೊತೆ 14ರ ಇನ್ನೊಂದು ಕಾಡು ಹುಲ್ಲು ಸೇರಿ 42ರ ಗೋಧಿ.

ಇದನ್ನೆಲ್ಲ ಕಣ್ಣಾರೆ ಕಂಡವರು ಯಾರಾದರೂ ಇದ್ದಾರಾ, ಪ್ರಾಣಿಗಳಲ್ಲಿ?

ಪೀಟರ್ ಗ್ರಾಂಟ್, ರೋಸ್‌ಮೆರಿ ಗ್ರಾಂಟ್ ದಂಪತಿ ಇದ್ದಾರೆ. 1973ರಿಂದ ವರ್ಷವರ್ಷವೂ ಗಲಾಪಗೋಸಿನ ಡಾಫ್ನಿ ಮೇಜರ್ ಎಂಬ ಬೋಳು ದ್ವೀಪಕ್ಕೆ ಹೋಗಿ, ಅಲ್ಲಿನ ಫಿಂಚ್ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ಹಾಕಿ, ಕೊಕ್ಕು ಅಳೆದು, ಯಾರು ಯಾರ ಮಗ ಎಂದು ಬರೆದಿಡುತ್ತ ಬಂದರು. ತಾಳ್ಮೆ ಎಂದರೆ ಅದು. 1977ರ ಬರಗಾಲದಲ್ಲಿ ಚಿಕ್ಕ ಬೀಜಗಳು ಮುಗಿದು, ಗಟ್ಟಿ ಬೀಜ ಒಡೆಯಬಲ್ಲ ದಪ್ಪ ಕೊಕ್ಕಿನವು ಹೆಚ್ಚಾಗಿ ಉಳಿದವು, ಮುಂದಿನ ಪೀಳಿಗೆಯ ಕೊಕ್ಕೇ ದಪ್ಪವಾಯಿತು. ಅದು ಪ್ರಸಿದ್ಧ ಕಥೆ. ನಮಗೆ ಬೇಕಾದದ್ದು ಇನ್ನೊಂದು.

1981ರಲ್ಲಿ ದ್ವೀಪಕ್ಕೆ ಒಂದು ಅಪರಿಚಿತ ಗಂಡು ಬಂತು. ಮೈ ದೊಡ್ಡದು, ಹಾಡು ಬೇರೆ. 100 ಕಿಲೋಮೀಟರಿಗೂ ಆಚೆಯ ಎಸ್ಪನೋಲ ದ್ವೀಪದ್ದು ಎಂದು ಡಿಎನ್‌ಎಯಿಂದ ಆಮೇಲೆ ತಿಳಿಯಿತು. ಅದು ಅಲ್ಲಿನ ಹೆಣ್ಣಿನ ಜೊತೆ ಸಂಸಾರ ಹೂಡಿತು. ಫಿಂಚ್ ಗಂಡುಮರಿಗಳು ಅಪ್ಪನಿಂದ ಹಾಡು ಕಲಿಯುತ್ತವೆ, ಹಾಗಾಗಿ ಮಕ್ಕಳದ್ದೂ ಅದೇ ಪರದೇಶಿ ರಾಗ. ದ್ವೀಪದ ಹೆಣ್ಣುಗಳಿಗೆ ಅದು ಹಿಡಿಸಲಿಲ್ಲ. ಎರಡು ಪೀಳಿಗೆ ಕಳೆಯುವಷ್ಟರಲ್ಲಿ ಈ ವಂಶದವು ತಮ್ಮತಮ್ಮಲ್ಲೇ ಕೂಡಿಕೊಂಡವು. 2003ರಿಂದ 2005ರವರೆಗಿನ ಬರಗಾಲದಲ್ಲಿ ವಂಶದಲ್ಲಿ ಉಳಿದದ್ದು ಒಬ್ಬ ಅಣ್ಣ, ಒಬ್ಬ ತಂಗಿ ಮಾತ್ರ. ಮಳೆ ಬಂದ ಮೇಲೆ ಆ ಇಬ್ಬರಿಂದಲೇ ಮತ್ತೆ ಬೆಳೆಯಿತು. 2017ರಲ್ಲಿ ಈ ವಂಶದ ಜೀನ್‌ಗಳ ವರದಿ ಬಂದಾಗ ಎಲ್ಲ ಕಡೆ ದೊಡ್ಡ ಸುದ್ದಿ. ಇದು ಹೊಸ ಪ್ರಭೇದವೇ? ಅದಕ್ಕೆ ಇನ್ನೂ ಬೇರೆ ಹೆಸರು ಇಟ್ಟಿಲ್ಲ, ನಾಳೆ ಮತ್ತೆ ಬೆರೆತುಹೋದರೂ ಹೋಗಬಹುದು. ಆದರೆ ಬೇರೆಯಾಗುವ ಕೆಲಸ ಮೂರೇ ಪೀಳಿಗೆಯಲ್ಲಿ ಶುರುವಾದದ್ದನ್ನು ನೋಡಿದ್ದಂತೂ ನಿಜ.

ಪ್ರಯೋಗಶಾಲೆಯಲ್ಲೂ ಮಾಡಿ ನೋಡಿದ್ದಾರೆ. ಡಯಾನ್ ಡಾಡ್ ಒಂದೇ ಮೂಲದ ಹಣ್ಣುನೊಣಗಳನ್ನು ಭಾಗ ಮಾಡಿ ಕೆಲವನ್ನು ಪಿಷ್ಟದ ಮೇಲೆ, ಕೆಲವನ್ನು ಮಾಲ್ಟೋಸ್ ಸಕ್ಕರೆಯ ಮೇಲೆ ಬೆಳೆಸಿದರು. ಎಷ್ಟೋ ಪೀಳಿಗೆಯ ನಂತರ ಒಟ್ಟಿಗೆ ಬಿಟ್ಟರೆ ಪಿಷ್ಟದವು ಪಿಷ್ಟದವನ್ನೇ ಹೆಚ್ಚಾಗಿ ಆರಿಸಿಕೊಂಡವು, ಸಕ್ಕರೆಯವು ಸಕ್ಕರೆಯವನ್ನೇ. 1989ರ ಫಲಿತಾಂಶ ಇದು. ಜೋಡಿ ಆರಿಸುವ ಬಗ್ಗೆ ಅವುಗಳಿಗೆ ಯಾರೂ ಏನೂ ಕಲಿಸಿರಲಿಲ್ಲ.

ಲಂಡನ್ ಸುರಂಗ ರೈಲಿನಲ್ಲಿ ಹೊಸ ಸೊಳ್ಳೆ ಹುಟ್ಟಿದೆಯಂತೆ?

ನಾನೂ ಬಹಳ ದಿನ ಇದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಬರೀ ನೂರೈವತ್ತು ವರ್ಷದಲ್ಲಿ ಸುರಂಗದೊಳಗೆ ಬೇರೆಯಾದ ಸೊಳ್ಳೆ, ಕೇಳಲಿಕ್ಕೆ ಎಷ್ಟು ಚೆನ್ನಾಗಿದೆ! ಆದರೆ ಜೀನ್‌ಗಳನ್ನು ಇನ್ನಷ್ಟು ವಿವರವಾಗಿ ನೋಡಿ 2025ರಲ್ಲಿ ಬಂದ ಅಧ್ಯಯನದ ಪ್ರಕಾರ ಈ ಸೊಳ್ಳೆ ಸಾವಿರಕ್ಕೂ ಹೆಚ್ಚು ವರ್ಷ ಹಿಂದೆಯೇ ಮೆಡಿಟರೇನಿಯನ್, ಮಧ್ಯಪ್ರಾಚ್ಯದ ಕಡೆ ಮನುಷ್ಯರ ಜೊತೆ ಬದುಕಲು ಕಲಿತದ್ದು. ಸುರಂಗಕ್ಕೆ ಬಂದದ್ದು ಆಮೇಲೆ. ಇನ್ನು ಮೇಲೆ ಈ ಉದಾಹರಣೆ ಕೊಡಬೇಡಿ.

ಸಾಮಾನ್ಯವಾಗಿ ಎಷ್ಟು ಕಾಲ ಬೇಕು?

ಒಂದೇ ಅಳತೆ ಇಲ್ಲ. ಟ್ರಾಗೊಪೊಗನ್‌ಗೆ ಒಂದೆರಡು ಪೀಳಿಗೆ ಸಾಕಾಯಿತು. ಪನಾಮದ ಸೀಗಡಿಗಳಿಗೆ ಲಕ್ಷಗಟ್ಟಲೆ ವರ್ಷ. ಆಫ್ರಿಕದ ವಿಕ್ಟೋರಿಯಾ ಸರೋವರ ಸುಮಾರು 15,000 ವರ್ಷಗಳ ಹಿಂದೆ ಒಣಗಿಹೋಗಿ ಮತ್ತೆ ತುಂಬಿದ್ದು. ಈಗ, ಅಥವಾ ಇತ್ತೀಚಿನವರೆಗೆ, ಅದರಲ್ಲಿ ಸಿಚ್ಲಿಡ್ ಎಂಬ ಮೀನಿನ ಸುಮಾರು 500 ಪ್ರಭೇದಗಳು. ಪಾಚಿ ಕೆರೆಯುವ ಬಾಯಿ, ಚಿಪ್ಪು ಒಡೆಯುವ ದವಡೆ, ಬೇರೆ ಮೀನು ಹಿಡಿಯುವ ಉದ್ದ ಮೂತಿ, ಒಂದಲ್ಲ ಎರಡಲ್ಲ. ಇಷ್ಟು ಬೇಗ ಹೇಗಾಯಿತು ಎನ್ನುವುದಕ್ಕೆ ಒಂದು ಸುಳಿವು ಸಿಕ್ಕಿದೆ. ಎರಡು ಹಳೆಯ ಮೀನು ವಂಶಗಳು ಮೊದಲು ಬೆರೆತಿದ್ದವು, ಆ ಬೆರಕೆಯಿಂದ ಬಂದ ಜೀನ್‌ಗಳ ರಾಶಿ ಕೈಯಲ್ಲೇ ಇತ್ತು. ಹೊಸ ಮ್ಯುಟೇಶನ್‌ಗೆ ಕಾಯಬೇಕಾಗಲಿಲ್ಲ, ಇಸ್ಪೀಟಿನ ಹಾಗೆ ಇದ್ದ ಎಲೆಗಳನ್ನೇ ಕಲಸಿ ಹಂಚಿದರೆ ಸಾಕಿತ್ತು.

ಬೇರೆಯಾದವು ಮತ್ತೆ ಒಂದಾಗಬಹುದಾ?

ಆಗಬಹುದು, ಆಗಿವೆ ಕೂಡ. ಅದೇ ಸರೋವರದಲ್ಲಿ ಕೆಲವು ಹೆಣ್ಣು ಮೀನುಗಳು ಗಂಡನ್ನು ಆರಿಸುವುದು ಬಣ್ಣ ನೋಡಿ, ಕೆಂಪಿನವನೋ ನೀಲಿಯವನೋ ಎಂದು. ಸುತ್ತಲಿನಿಂದ ಹೊಲಸು ಸೇರಿ, ಪಾಚಿ ಬೆಳೆದು ನೀರು ಮಬ್ಬಾಯಿತು. ಬಣ್ಣ ಕಾಣದ ಮೇಲೆ ಆಯ್ಕೆ ಎಲ್ಲಿಂದ? ನೀರು ಕಲಕಿದ ಕಡೆಗಳಲ್ಲಿ ಪ್ರಭೇದಗಳು ಬೆರೆತು ಎಲ್ಲವೂ ಒಂದೇ ಮಾಸಲು ಬಣ್ಣಕ್ಕೆ ತಿರುಗುತ್ತಿವೆ ಎಂದು 1997ರಲ್ಲಿ ಓಲೆ ಸೀಹೌಸನ್ ಮತ್ತು ಜೊತೆಗಾರರು ತೋರಿಸಿದರು. ನನಗೆ ಈ ಸಂಗತಿ, ಹೊರಗಿನಿಂದ ತಂದು ಸರೋವರಕ್ಕೆ ಬಿಟ್ಟ ನೈಲ್ ಪರ್ಚ್ ಎಂಬ ದೊಡ್ಡ ಮೀನು ಸಿಚ್ಲಿಡ್‌ಗಳನ್ನು ತಿಂದು ಹಾಕಿದ್ದಕ್ಕಿಂತ ಹೆಚ್ಚು ಬೇಜಾರು ತರಿಸುತ್ತದೆ. ಇಲ್ಲಿ ಯಾರೂ ಸಾಯುತ್ತಿಲ್ಲ, ಆದರೂ ಪ್ರಭೇದ ಹೋಗುತ್ತಿದೆ.

ಹಿಮಕರಡಿ, ಕಂದುಕರಡಿ ಬೆರೆತ ಕರಡಿ 2006ರಲ್ಲಿ ಕೆನಡಾದ ಉತ್ತರ ತುದಿಯಲ್ಲಿ ಸಿಕ್ಕಿತು. ಇಂಥ ಬೆರಕೆಯವಕ್ಕೆ ಮರಿಗಳೂ ಆಗುತ್ತವೆ. ದೂರದ ಮಾತೇಕೆ, ಆಫ್ರಿಕದ ಹೊರಗಿನ ನಮ್ಮೆಲ್ಲರ ಡಿಎನ್‌ಎಯಲ್ಲಿ ಸುಮಾರು ಶೇಕಡಾ 1ರಿಂದ 2ರಷ್ಟು ನಿಯಾಂಡರ್ತಲರದ್ದು, ಅಂದರೆ ಈಗ ಅಳಿದುಹೋಗಿರುವ ಹಳೆಯ ಮಾನವರದ್ದು. 2010ರಲ್ಲಿ ಇದನ್ನು ಬಯಲಿಗೆ ತಂದ ತಂಡದ ಸ್ವಾಂತೆ ಪಾಬೊ ಅವರಿಗೆ 2022ರ ನೊಬೆಲ್ ಬಂತು. ಹಾಗಾದರೆ ನಿಯಾಂಡರ್ತಲರು ನಮ್ಮ ಪ್ರಭೇದವೇ? ವಿಜ್ಞಾನಿಗಳಲ್ಲೇ ಎರಡು ಗುಂಪಿದೆ. ಗೆರೆ ಮಸುಕಾಗಿದೆ ಅಂದರೆ ಅಲ್ಲಿ ಹಗಲು ರಾತ್ರಿಯೇ ಇಲ್ಲ ಅಂತ ಅರ್ಥ ಅಲ್ಲ, ಇನ್ನೂ ಮುಸ್ಸಂಜೆ ಅಂತ ಅರ್ಥ.

ಆ ಮುಸ್ಸಂಜೆಯನ್ನು ನಕ್ಷೆಯ ಮೇಲೆ ನೋಡೋಕೆ ಆಗುತ್ತಾ?

ಆಗುತ್ತದೆ. ಕ್ಯಾಲಿಫೋರ್ನಿಯದ ನಡುಗಣಿವೆಯ ಸುತ್ತ ಬೆಟ್ಟಗಳಲ್ಲಿ ಎನ್ಸಟಿನ ಎಂಬ ಸಾಲಮ್ಯಾಂಡರ್ ಇದೆ, ನೋಡಲು ಹಲ್ಲಿಯಂತೆ, ಆದರೆ ಕಪ್ಪೆಯ ಬಳಗದ್ದು. ಉತ್ತರದಿಂದ ಎರಡೂ ಪಕ್ಕದ ಬೆಟ್ಟಸಾಲುಗಳಲ್ಲಿ ಇಳಿಯುತ್ತ ಬಂದರೆ ಅಕ್ಕಪಕ್ಕದವು ಬೆರೆಯುತ್ತವೆ. ದಕ್ಷಿಣದಲ್ಲಿ ಎರಡು ಸಾಲಿನ ತುದಿಗಳು ಸೇರುವ ಕಡೆ, ಒಂದು ಮಚ್ಚೆಯದು, ಒಂದು ಒಂದೇ ಬಣ್ಣದ್ದು, ಹೆಚ್ಚುಕಡಿಮೆ ಬೆರೆಯುವುದೇ ಇಲ್ಲ. ಗೆರೆ ಎಲ್ಲಿ ಎಳೆಯುತ್ತೀರಿ, ನೀವೇ ಹೇಳಿ.

ಮನುಷ್ಯ ಮಂಗನಿಂದ ಬಂದಿದ್ದರೆ ಮಂಗಗಳು ಇನ್ನೂ ಯಾಕೆ ಇವೆ?

ಕನ್ನಡ ತಮಿಳಿನಿಂದ ಹುಟ್ಟಿತು ಎಂದು ಯಾರಾದರೂ ಹೇಳಿದರೆ ನಮಗೆ ಸಿಟ್ಟು ಬರುತ್ತದಲ್ಲ? ಯಾಕೆ? ಎರಡೂ ಒಂದೇ ಹಳೆಯ ಬೇರಿನಿಂದ ಒಡೆದ ಟಿಸಿಲುಗಳು, ಒಂದು ಇನ್ನೊಂದರ ತಾಯಿಯಲ್ಲ. ಪಾಲು ಇಲ್ಲಿ ಹಾಲಾಯಿತು, ಅಲ್ಲಿ ಪಾಲಾಗಿಯೇ ಉಳಿಯಿತು. ಚಿಂಪಾಂಜಿಯೂ ನಾವೂ ಹಾಗೆಯೇ. ಸುಮಾರು 60, 70 ಲಕ್ಷ ವರ್ಷ ಹಿಂದೆ ಬದುಕಿದ್ದ ಒಂದು ಪ್ರಾಣಿ ಇಬ್ಬರಿಗೂ ಪೂರ್ವಜ. ಅದು ಈಗಿಲ್ಲ. ಅವಕ್ಕೆ 48 ಕ್ರೋಮೋಸೋಮ್, ನಮಗೆ 46, ಯಾಕೆಂದರೆ ನಮ್ಮ ಕಡೆ ಎರಡು ಕ್ರೋಮೋಸೋಮ್‌ಗಳು ತುದಿಗೆ ತುದಿ ಅಂಟಿ ಒಂದಾದವು. ಅಂಟಿದ ಗುರುತು ನಮ್ಮ ಎರಡನೇ ಕ್ರೋಮೋಸೋಮಿನ ನಡುವೆ ಇವತ್ತಿಗೂ ಇದೆ.

ಮೀನು ಹಲ್ಲಿಯಾಗಿದ್ದನ್ನು ಯಾರೂ ನೋಡಿಲ್ಲವಲ್ಲ?

ನೋಡಿದ್ದರೆ ವಿಕಾಸದ ಸಿದ್ಧಾಂತವೇ ತಪ್ಪಾಗುತ್ತಿತ್ತು. ಪ್ರಭೇದ ಒಡೆದಾಗ ಒಂದು ಮೀನಿನಿಂದ ಬರುವುದು ಒಂಚೂರು ಬೇರೆಯಾದ ಎರಡು ಮೀನು. ಆ ಕೆಲಸ ಕೋಟಿಗಟ್ಟಲೆ ವರ್ಷ ನಡೆಯಲಿ, ಆಮೇಲೆ ಮಾತಾಡೋಣ.

ಬ್ಯಾಕ್ಟೀರಿಯಾಗಳ ಕಥೆ ಏನು? ಅವು ಜೋಡಿ ಹುಡುಕಲ್ಲವಲ್ಲ.

ಹುಡುಕುವುದಿಲ್ಲ, ಒಂದು ಎರಡಾಗುತ್ತವೆ. ಅಷ್ಟೇ ಅಲ್ಲ, ಸಂಬಂಧವೇ ಇಲ್ಲದ ಬ್ಯಾಕ್ಟೀರಿಯಾದಿಂದಲೂ ಜೀನ್ ಎತ್ತಿಕೊಳ್ಳುತ್ತವೆ. ಮೇಯರ್ ಹೇಳಿದ್ದು ಅಲ್ಲಿ ನಡೆಯುವುದಿಲ್ಲ. ಡಿಎನ್‌ಎ ಎಷ್ಟು ಹೋಲುತ್ತದೆ ಎಂದು ಅಳೆದು ಒಂದು ಕೆಲಸದ ಗೆರೆ ಹಾಕಿಕೊಳ್ಳುತ್ತಾರೆ. ಪಳೆಯುಳಿಕೆಗಳಿಗೂ ಅಷ್ಟೇ, ಕಲ್ಲಾದ ಮೂಳೆ ಯಾರ ಜೊತೆ ಕೂಡುತ್ತಿತ್ತು ಎಂದು ಯಾರು ಹೇಳುತ್ತಾರೆ?

ಕೊನೇ ಪ್ರಶ್ನೆ. ಮುಂದೆ ಮನುಷ್ಯರು ಎರಡು ಪ್ರಭೇದ ಆಗ್ತಾರಾ?

ಈಗಿನ ಹಾಗೆ ಇದ್ದರೆ ಇಲ್ಲ. ನಾವು ಓಡಾಡುವುದು, ಮದುವೆಯಾಗುವುದು ಹಿಂದೆಂದಿಗಿಂತ ಜಾಸ್ತಿ ದೂರದವರ ಜೊತೆ. ಗುಂಪುಗಳು ಒಡೆಯುತ್ತಿಲ್ಲ, ಬೆರೆಯುತ್ತಿವೆ.

ಮಂಗಳ ಗ್ರಹಕ್ಕೆ ಹೋದವರ ಗತಿ ಏನು ಎಂದು ತಪ್ಪದೆ ಕೇಳುತ್ತಾರೆ. ಲೆಕ್ಕ ಹಾಕೋಣ. ಒಂದು ಪೀಳಿಗೆಗೆ 25 ವರ್ಷ ಎಂದುಕೊಂಡರೆ ಒಂದು ಲಕ್ಷ ವರ್ಷಕ್ಕೆ 4,000 ಪೀಳಿಗೆ. ಚಿಕ್ಕ ಗುಂಪು, ಬೇರೆ ಗಾಳಿ, ಕಡಿಮೆ ಗುರುತ್ವ, ವಿಕಿರಣ ಜಾಸ್ತಿ, ಅಂದರೆ ಬೇಕಾದ ಸಾಮಾನೆಲ್ಲ ಇದೆ. ಆದರೆ ಒಂದು ಷರತ್ತು. ಅಷ್ಟೂ ಕಾಲ ಈ ಕಡೆಯವರು ಆ ಕಡೆ, ಆ ಕಡೆಯವರು ಈ ಕಡೆ ಬರಬಾರದು. ಎರಡು ವರ್ಷಕ್ಕೊಂದು ನೌಕೆ ಬಂದು, ಅದರಿಂದ ಇಳಿದವರು ಅಲ್ಲೇ ಯಾರನ್ನಾದರೂ ಮದುವೆಯಾಗಿ ಉಳಿಯುತ್ತಿದ್ದರೆ ಹೊಸ ಪ್ರಭೇದದ ಆಸೆ ಬಿಡಿ.